ತೆಳು ಪದರ, ಕಾಂತಕ್ಷೇತ್ರ ಮತ್ತು ಬೆಳಕು

ಮಾನ್ಯರೇ,

ಅತಿವಾಹಕಗಳ (ತೀರಾ ತಣ್ಣಗಾದಾಗ ವಿದ್ಯುತ್ತಿಗೆ ತಡೆಯನ್ನೇ ಒಡ್ಡದ ವಸ್ತುಗಳ) ಕುರಿತು ಕಳೆದ ವಾರದ ವಿಜ್ಞಾನ ಪುರವಣಿಯಲ್ಲಿ ಬಂದ ಲೇಖನ ಸೊಗಸಾಗಿತ್ತು. ಆದರೆ ಅತಿವಾಹಕವು ಕಾಂತಕ್ಷೇತ್ರವನ್ನು ಪೂರ್ತಿ ಹೊರದಬ್ಬುವುದರಿಂದ, ಅದು ಬೆಳಕಿಗೆ ತೋರುವ ಪ್ರತಿಕ್ರಿಯೆಯನ್ನು ಕ್ಷೇತ್ರ ಬದಲಿಸಲಾರದು ಎಂಬ ಅದರ ವಾದ ತೆಳು ಪದರಗಳ ಮಟ್ಟಿಗೆ ಸರಿಯಲ್ಲ.

ಕೆಲವೇ ನ್ಯಾನೊಮೀಟರ್ ದಪ್ಪದ ನಿಯೋಬಿಯಂ ನೈಟ್ರೈಡ್ ಎಂಬ ಅತಿವಾಹಕದ ಪದರಕ್ಕೆ ಲಂಬವಾಗಿ ಕ್ಷೇತ್ರ ಕೊಟ್ಟರೆ, ಭೌತವಿಜ್ಞಾನಿ ಅಬ್ರಿಕೊಸೊವ್ 1957ರಲ್ಲಿ ವಿವರಿಸಿದ ಸುಳಿಗಳ (ಸುತ್ತಲೂ ವಿದ್ಯುತ್ ಪ್ರವಾಹ ಸುತ್ತುವ ಸಣ್ಣ ಎಳೆಗಳ) ರೂಪದಲ್ಲಿ ಅದು ಒಳಹೊಗುತ್ತದೆ. ಪ್ರತಿ ಸುಳಿಯ ನಡುಭಾಗ ಬಹುಮಟ್ಟಿಗೆ ಸಾಮಾನ್ಯ ಲೋಹದಂತೆ ವರ್ತಿಸುತ್ತದೆ. ಪದರಕ್ಕೆ ಸಮಾಂತರವಾಗಿ ಕೊಟ್ಟರೆ ಅಷ್ಟು ತೆಳುವಿನಲ್ಲಿ ಸುಳಿಗೆ ಜಾಗವೇ ಇರದು. ಆಗ ಕ್ಷೇತ್ರವು ಕೂಪರ್ ಜೋಡಿಗಳನ್ನು (ತಡೆಯಿಲ್ಲದೆ ವಿದ್ಯುತ್ ಒಯ್ಯುವ ಎಲೆಕ್ಟ್ರಾನ್ ಜೋಡಿಗಳನ್ನು) ಪದರದುದ್ದಕ್ಕೂ ದುರ್ಬಲಗೊಳಿಸಿ, ಅವುಗಳನ್ನು ಒಡೆಯಲು ಬೇಕಾದ ಕನಿಷ್ಠ ಶಕ್ತಿಯನ್ನು, ಅಂದರೆ ಶಕ್ತಿ ಅಂತರವನ್ನು, ಕುಗ್ಗಿಸುತ್ತದೆ.

ಇದು ಬರಿಗಣ್ಣಿಗೆ ಕಾಣುವುದಿಲ್ಲ ಎಂಬುದು ನಿಜ. ನಿಯೋಬಿಯಂ ನೈಟ್ರೈಡಿನ ಶಕ್ತಿ ಅಂತರ, ಅಲೆಯ ಆವರ್ತನದ ಲೆಕ್ಕದಲ್ಲಿ, ಸುಮಾರು ಒಂದು ಟೆರಾಹರ್ಟ್ಸ್ (ಸೆಕೆಂಡಿಗೆ ಲಕ್ಷ ಕೋಟಿ ಕಂಪನ) ಆಸುಪಾಸಿನದು; ಹಸಿರು ಬೆಳಕಿನ ಆವರ್ತನವೋ 550 ಟೆರಾಹರ್ಟ್ಸ್‌ನಷ್ಟು. ಹಾಗಾಗಿ ನೋಡಬೇಕಾದದ್ದು ದೂರದ ಅವಕೆಂಪು ಮತ್ತು ಟೆರಾಹರ್ಟ್ಸ್ ಅಲೆಗಳಲ್ಲಿ. 1950ರ ದಶಕದಲ್ಲೇ ಭೌತವಿಜ್ಞಾನಿಗಳಾದ ಗ್ಲೋವರ್ ಮತ್ತು ಟಿಂಕಮ್ ಸೀಸ ಹಾಗೂ ತವರದ ತೆಳು ಪದರಗಳ ಮೂಲಕ ಇಂಥ ಅಲೆಗಳನ್ನು ಹಾಯಿಸಿ ಅಳೆದಾಗ, ಶಕ್ತಿ ಅಂತರದ ಸಮೀಪದ ಆವರ್ತನಗಳಲ್ಲಿ ಅತಿವಾಹಕ ಸ್ಥಿತಿಯ ಪದರವು ಸಾಮಾನ್ಯ ಸ್ಥಿತಿಯದಕ್ಕಿಂತ ಹೆಚ್ಚು ಅಲೆಯನ್ನು ಹಾಯಗೊಟ್ಟಿತು. ವಿದ್ಯುತ್ತಿಗೆ ತಡೆಯೇ ಇಲ್ಲದ ವಸ್ತು ಹೆಚ್ಚು ಪಾರದರ್ಶಕವಾಗುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಿದರೂ, ಅಂತರಕ್ಕಿಂತ ಕಡಿಮೆ ಶಕ್ತಿಯ ಅಲೆಗೆ ಜೋಡಿಗಳನ್ನು ಒಡೆಯಲಾಗದೆ ಹೀರಿಕೆ ತಗ್ಗುವುದೂ, ಆವರ್ತನ ಏರಿದಂತೆ ಜೋಡಿಗಳು ಅಲೆಯನ್ನು ತಡೆಯುವ ಬಲ ಇಳಿಯುವುದೂ ಸೇರಿ ಹೀಗಾಗುತ್ತದೆ. ಕ್ಷೇತ್ರ ಹೆಚ್ಚಿಸಿದರೆ ಪಾರದರ್ಶಕತೆಯ ಈ ಏರಿಕೆ ಕ್ರಮೇಣ ಮಟ್ಟಸವಾಗುತ್ತಾ, ಅಂತರದ ಕೆಳಗೂ ಹೀರಿಕೆ ಕಾಣಿಸಿಕೊಂಡು, ಕೊನೆಗೆ ಪದರ ಸಾಮಾನ್ಯ ಲೋಹದ ನಡವಳಿಕೆಗೆ ಮರಳುತ್ತದೆ.

ಇನ್ನು ಲೇಖನದ ಜೊತೆಗಿದ್ದ, ಸುಳಿಗಳು ಹೊಳೆಯುವ ಚಿತ್ರದ ವಿಷಯ. ಅಲ್ಲಿ ಬೆಳಕಿನ ಧ್ರುವೀಕರಣವನ್ನು, ಅಂದರೆ ಅಲೆಯ ಕಂಪನದ ದಿಕ್ಕನ್ನು, ತಿರುಗಿಸುವುದು ಅತಿವಾಹಕವಲ್ಲ, ಅದರ ಮೇಲಿಟ್ಟ ಗಾರ್ನೆಟ್ ಎಂಬ ಹರಳಿನ ಪದರ. ಫ್ಯಾರಡೆ ಪರಿಣಾಮದಿಂದ (ಕಾಂತಕ್ಷೇತ್ರದಲ್ಲಿರುವ ವಸ್ತುವಿನಲ್ಲಿ ಹಾಯುವ ಬೆಳಕಿನ ಧ್ರುವೀಕರಣ ತಿರುಗುವುದರಿಂದ) ಅದು ಕೆಳಗಿನ ಕ್ಷೇತ್ರವನ್ನು ತೋರಿಸಿಕೊಡುತ್ತದೆ, ಅಷ್ಟೆ. ಚಿತ್ರದಡಿಯ ಒಕ್ಕಣೆಯನ್ನಾದರೂ ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಶಿವಮೊಗ್ಗ