ರಕ್ತದ ಹಳೇ ರಿಪೋರ್ಟು ಬಿಸಾಡಬೇಡಿ

ಮಾನ್ಯ ಸಂಪಾದಕರೇ,

ನಾನು ಉಡುಪಿಯ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನೀಶಿಯನ್. ಇಯೋಸಿನೋಫಿಲ್ ಎಂಬ ಒಂದು ಬಗೆಯ ಬಿಳಿ ರಕ್ತಕಣ ಜಾಸ್ತಿ ಇರುವ ರಕ್ತ ನಮ್ಮಲ್ಲಿ ಅಪರೂಪವಲ್ಲ. ಹೊಟ್ಟೆಹುಳ, ಧೂಳಿನ ಅಲರ್ಜಿ, ಉಬ್ಬಸ, ಹೀಗೆ ಕಾರಣ ಹಲವು. 'ಇಸ್ನೋಫಿಲಿಯಾ ಉಂಟು, ಹುಳದ ಮಾತ್ರೆ ತಿನ್ನಿ' ಎಂಬಲ್ಲಿಗೆ ಮಾತು ಮುಗಿಯುತ್ತದೆ. ಹೆಚ್ಚಿನವರಿಗೆ ಅಷ್ಟು ಸಾಕು. ಎಲ್ಲರಿಗೂ ಸಾಲದು.

ಮಲ್ಪೆ ಬಂದರಿನಲ್ಲಿ ಮೀನು ವಿಂಗಡಿಸುವ ಅಕ್ಕ ಒಬ್ಬರು ಪರೀಕ್ಷೆಗೆ ರಕ್ತ ಕೊಡಲು ಬಂದಿದ್ದರು. ನಲವತ್ತು ದಾಟಿದ ಮೇಲೆ ಹಿಡಿದ ಉಬ್ಬಸ, ಯಾವಾಗಲೂ ಕಟ್ಟಿದ ಮೂಗು. ಒಂದು ಕಾಲಿನ ಚಪ್ಪಲಿ ಬಾಗಿಲಲ್ಲೇ ಕಳಚಿ ಬಿದ್ದಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಪಾದ ಎತ್ತಲು ಬರುತ್ತಿರಲಿಲ್ಲ. ಸ್ಲೈಡಿನಲ್ಲಿ ಎಲ್ಲಿ ನೋಡಿದರೂ ಕಿತ್ತಳೆ ಬಣ್ಣದ ಕಾಳು ತುಂಬಿದ ಕಣಗಳೇ, ಅಂದರೆ ಇಯೋಸಿನೋಫಿಲ್. ಬಿಳಿ ರಕ್ತಕಣಗಳಲ್ಲಿ ಇವು ಸಾಮಾನ್ಯವಾಗಿ ಶೇ. 6 ದಾಟುವುದಿಲ್ಲ, ಅವರಲ್ಲಿ ಶೇ. 41 ಇತ್ತು. ಪ್ಲೇಟ್‌ಲೆಟ್ ಜಾಸ್ತಿ, ಮೈಯೊಳಗಿನ ಉರಿಯೂತದ ಸುಳಿವು ಕೊಡುವ ಇಎಸ್‌ಆರ್ ಕೂಡ ಜಾಸ್ತಿ. ಹಿಮೋಗ್ಲೋಬಿನ್ ಕಡಿಮೆ. ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆ.

ದೊಡ್ಡ ಆಸ್ಪತ್ರೆಯಲ್ಲಿ ಅದು ವ್ಯಾಸ್ಕ್ಯುಲೈಟಿಸ್ ಎಂದು ಗೊತ್ತಾಯಿತು. ಅಂದರೆ ರಕ್ತನಾಳಗಳ ಉರಿಯೂತ. ಇಯೋಸಿನೋಫಿಲ್ ಏರುವ ಈ ಬಗೆಯನ್ನು ಚರ್ಗ್ ಮತ್ತು ಸ್ಟ್ರಾಸ್ ಎಂಬ ವೈದ್ಯರು 1951ರಲ್ಲೇ ವಿವರಿಸಿದ್ದಾರೆ. ನರಗಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಊದಿ ಕಟ್ಟಿಕೊಂಡರೆ ಕೈಕಾಲು ಜೋಮು ಹಿಡಿಯುತ್ತದೆ, ಪಾದ ಸೋಲುತ್ತದೆ.

ನಾನು ಮುಖ್ಯವಾಗಿ ಹೇಳಬೇಕಾದ್ದು ಬೇರೆ. ಉಬ್ಬಸಕ್ಕೆಂದು ಸ್ಟೆರಾಯ್ಡ್ ಮಾತ್ರೆ ಒಂದೆರಡು ದಿನ ತಿಂದರೂ ಇಯೋಸಿನೋಫಿಲ್ ಸರ್ರನೆ ಇಳಿದುಬಿಡುತ್ತದೆ. ಆಮೇಲೆ ರಕ್ತ ಕೊಟ್ಟರೆ ರಿಪೋರ್ಟು ನಾರ್ಮಲ್! ರೋಗ ಒಳಗೇ ಇರುತ್ತದೆ. ವ್ಯಾಸ್ಕ್ಯುಲೈಟಿಸ್ ಪತ್ತೆಗೆ ಮಾಡಿಸುವ ಆಂಕಾ ಎಂಬ ದುಬಾರಿ ರಕ್ತಪರೀಕ್ಷೆ ಕೂಡ ಈ ಬಗೆಯಲ್ಲಿ ಹತ್ತರಲ್ಲಿ ಮೂರು-ನಾಲ್ಕು ಜನರಿಗಷ್ಟೇ ಪಾಸಿಟಿವ್ ಬರುತ್ತದೆ. ಹಾಗಾಗಿ ಮಾತ್ರೆಗೆ ಮೊದಲಿನ ರಿಪೋರ್ಟಿಗೆ ಬೆಲೆ ಜಾಸ್ತಿ. ಆ ಅಕ್ಕ ಹಳೇ ಚೀಟಿಗಳನ್ನೆಲ್ಲ ರೇಷನ್ ಕಾರ್ಡಿನ ಜೊತೆ ಒಂದು ತೊಟ್ಟೆಯಲ್ಲಿ ಇಟ್ಟಿದ್ದರು. ಅದರಿಂದ ಡಾಕ್ಟರಿಗೆ ತುಂಬಾ ಉಪಕಾರವಾಯಿತು. ಹಾಗಂತ ಟೆಸ್ಟಿಗಾಗಿ ಯಾರೂ ಸ್ಟೆರಾಯ್ಡ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಅದು ಅಪಾಯ.

ಇನ್ನೊಂದು, ಮೂತ್ರ ಪರೀಕ್ಷೆ. ವ್ಯಾಸ್ಕ್ಯುಲೈಟಿಸ್ ಕಿಡ್ನಿಗೆ ಇಳಿದರೂ ಎಷ್ಟೋ ಸಲ ನೋವೇ ಇರುವುದಿಲ್ಲ. ಮೂತ್ರದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ, ಪ್ರೋಟೀನ್ ಹೋಗುತ್ತಿರುತ್ತದೆ. ಕಡಿಮೆ ಖರ್ಚಿನ ಪರೀಕ್ಷೆ, ಯಾಕೆ ಬಿಡಬೇಕು?

ಇಯೋಸಿನೋಫಿಲ್ ತುಂಬಾ ಏರಿದ್ದು ಕಂಡರೆ ಲ್ಯಾಬಿನವರು ಸುಮ್ನೆ ಪ್ರಿಂಟ್ ತೆಗೆದು ಕೊಡದೆ ಡಾಕ್ಟರಿಗೆ ತಿಳಿಸಬೇಕು. ಜಿಲ್ಲಾ ಆರೋಗ್ಯ ಇಲಾಖೆ ಎಲ್ಲ ಲ್ಯಾಬುಗಳಿಗೂ ಇದನ್ನು ಬರೆದು ತಿಳಿಸಲಿ ಎಂದು ಕೇಳಿಕೊಳ್ಳುತ್ತೇನೆ.

– ಲ್ಯಾಬ್ ಟೆಕ್ನೀಶಿಯನ್, ಕಲ್ಯಾಣಪುರ, ಉಡುಪಿ