ಥಾರ್ ಮರುಭೂಮಿಗೆ ಹೊರಟವರ ಗಮನಕ್ಕೆ

ಬಳ್ಳಾರಿ ಬಿಸಿಲು ಉಂಡವರಿಗೆ ಮರುಭೂಮಿ ಏನು ಮಹಾ ಅನ್ನಬೇಡಿ. ಜನವರಿಯಲ್ಲಿ ಜೈಸಲ್ಮೇರ್ ಕಡೆ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಒಣ ಹವೆ, ಮೋಡವಿಲ್ಲದ ಆಕಾಶ; ಉಸುಕಿನ ಕಾವು ಹೊತ್ತು ಮುಳುಗಿದ ಕೂಡಲೇ ಹೋಗಿಬಿಡುತ್ತದೆ. ಚಳಿ ನೆಲದಿಂದ ಹತ್ತುವುದರಿಂದ ಎರಡು ಕಂಬಳಿಯಲ್ಲಿ ಒಂದನ್ನು ಹಾಸಿಕೊಳ್ಳಿ.

ಟೆಂಟಿನ ಗೂಟ ಉಸುಕಿನಲ್ಲಿ ನಿಲ್ಲುವುದಿಲ್ಲ, ನಡುರಾತ್ರಿ ಗಾಳಿಗೆ ಕಿತ್ತು ಬರುತ್ತದೆ. ಟೆಂಟಿಗೆ ಆರರಂತೆ 5 ಕೆಜಿ ಅಕ್ಕಿಯ ಖಾಲಿ ಚೀಲ ತನ್ನಿ. ಉಸುಕು ತುಂಬಿ, ಬಾಯಿ ಕಟ್ಟಿ, ಹಗ್ಗ ಬಿಗಿದು ಒಂದೂವರೆ ಅಡಿ ಆಳಕ್ಕೆ ಹೂತು ಮೇಲೆ ತುಳಿಯಿರಿ. ದಿಬ್ಬದ ನೆತ್ತಿಯ ಮೇಲೆ ಮಾತ್ರ ಟೆಂಟು ಬೇಡ.

ನೀರು ತಲೆಗೆ ದಿನಕ್ಕೆ 5 ಲೀಟರ್. ಬೂಟು ಕೊಡವಿಯೇ ಹಾಕಿ, ಚೇಳು ಇರಬಹುದು.

ಚುಕ್ಕಿಗಳು ಚೆನ್ನಾಗಿ ಕಾಣಲೆಂದು ಅಮಾವಾಸ್ಯೆ ನೋಡಿಯೇ ದಿನ ಗೊತ್ತುಮಾಡಿದ್ದು. ಊಟವಾದ ಮೇಲೆ ಮೊಬೈಲ್ ಒಳಗಿಡಿ. ಕಣ್ಣು ಕತ್ತಲೆಗೆ ಒಗ್ಗಲು 20-30 ನಿಮಿಷ ಬೇಕು. ಒಬ್ಬರು ಪರದೆ ಬೆಳಗಿಸಿದರೂ ಎಲ್ಲರದ್ದೂ ಮೊದಲಿಂದ ಶುರು. ರಾತ್ರಿ ಎಂಟರ ಹೊತ್ತಿಗೆ ಕೃತ್ತಿಕೆಯ ಚುಕ್ಕಿಗೊಂಚಲು ನೆತ್ತಿಯ ಬಳಿ ಇರುತ್ತದೆ, ಚುಕ್ಕಿ ಎಷ್ಟೆಂದು ಎಣಿಸಿ.

ಬೆಳಿಗ್ಗೆ ಎದ್ದ ಕೂಡಲೇ ತುಳಿದಾಡಬೇಡಿ. ಟೆಂಟಿನ ಸುತ್ತ ಜೀರುಂಡೆಯ ಹೆಜ್ಜೆ ಹೊಲಿಗೆ ಹಾಕಿದಂತೆ ಎರಡು ಸಾಲು ಮೂಡಿರುತ್ತದೆ. ಗಾಳಿ ಎದ್ದರೆ ಅದೂ ಇಲ್ಲ.