ಆನೆಗುಂದಿಯ ಆ ಮಾಳಿಗೆ ಮನೆಯವರಿಗೆ

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಹೊರಗೆ ಬಂದವಳೇ ಮೊದಲು ಫೋನ್ ಮಾಡಿದ್ದು ಆನೆಗುಂದಿಗೆ. ದೊಡ್ಡವ್ವ ಎತ್ತಿದರು. 'ಆತೇನವ್ವಾ?' ಅಂದರು. 'ಆತು ದೊಡ್ಡವ್ವಾ' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಳಗೆ ಯಾರನ್ನೋ ಕೂಗಿ, 'ಅಜ್ಜಿ ಬಾಯಿಗೆ ಸಕ್ರಿ ಹಾಕ್ರಿ, ಹುಡುಗಿ ಪಾಸಾತು' ಅಂದದ್ದು ಕೇಳಿಸಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಈ ಬರಹ ಆ ಮನೆಯವರಿಗೆ. ಹೆಸರು ಹಾಕಲಾ ಅಂತ ಕೇಳಿದ್ದೆ. 'ನಮ್ಮ ಹೆಸರು ತಗೊಂಡು ಏನ್ ಮಾಡ್ತಿ, ಮನಿ ಬಗ್ಗೆ ಬರಿ' ಅಂದರು ದೊಡ್ಡಪ್ಪ. ಹಾಗಾಗಿ ದೊಡ್ಡಪ್ಪ, ದೊಡ್ಡವ್ವ, ಅಜ್ಜಿ ಅಂತಲೇ ಬರೆಯುತ್ತೇನೆ. ಅವರು ನನ್ನ ಬಳಗದವರಲ್ಲ. 2024ರ ಜೂನ್‌ವರೆಗೆ ಅವರ ಮುಖ ಕೂಡ ನೋಡಿರಲಿಲ್ಲ.

ನಾನು ಸಿಂಧನೂರು ಕಡೆಯವಳು. ಅಪ್ಪ ಗೌಂಡಿ. ನಮ್ಮ ರಾಯಚೂರು, ಕೊಪ್ಪಳ ಸೀಮೆಯಲ್ಲಿ ಮಣ್ಣಿನ ಮನೆ ಕಟ್ಟುವವರ ಬಾಯಲ್ಲಿರುವ ಪದಗಳೇ ನನ್ನ ಪ್ರಬಂಧದ ವಿಷಯ. ಮೊದಲ 2 ನೋಟ್‌ಬುಕ್ ಪೂರ್ತಿ ಅಪ್ಪ ಹೇಳಿದ್ದು. ಆ ವರ್ಷ ಏಪ್ರಿಲ್‌ನಲ್ಲಿ ಅಪ್ಪ ತೀರಿಕೊಂಡರು. ಆಮೇಲೆ ಆ ನೋಟ್‌ಬುಕ್ ತೆರೆಯೋಕೇ ಆಗಲಿಲ್ಲ, ತೆರೆದರೆ ಸಾಕು, ಅಪ್ಪ ಪಕ್ಕದಲ್ಲಿ ಕೂತು ಹೇಳಿದ ಹಾಗೇ ಅನಿಸೋದು. ಕೈಯಲ್ಲಿ ದುಡ್ಡಿರಲಿಲ್ಲ, ಗಡುವು ಹತ್ತಿರ ಬರುತ್ತಿತ್ತು, ಬಿಟ್ಟುಬಿಡೋಣ ಅಂತ ಮನಸ್ಸು ಮಾಡಿಯಾಗಿತ್ತು. ಪರಿಚಯದವರೊಬ್ಬರು 'ಆನೆಗುಂದಿಯಲ್ಲಿ ಒಂದು ಹಳೇ ಮನೆ ಇದೆ, ಬಿಡೋ ಮುಂಚೆ ಅದನ್ನೊಂದು ನೋಡಿ ಬಾ' ಅಂದರು. 4 ದಿನಕ್ಕೆ ಅಂತ 2 ಜೊತೆ ಬಟ್ಟೆ ತಗೊಂಡು ಹಂಪಿ ಕಡೆಯ ತಳವಾರಘಟ್ಟದಲ್ಲಿ ಆನೆಗುಂದಿಗೆ ದೋಣಿ ಹತ್ತಿದೆ. ಮನೆಗೆ ವಾಪಸ್ ಬಂದದ್ದು ದೀಪಾವಳಿ ಆದ ಮೇಲೆ.

ಜನ ಆನೆಗುಂದಿಗೆ ಬರೋದು ಅಂಜನಾದ್ರಿ ಹತ್ತೋಕೆ, ಇಲ್ಲಾ ತುಂಗಭದ್ರಾ ಹೊಳೆಯ ನಡುವೆ 9 ಯತಿಗಳ ವೃಂದಾವನ ಇರುವ ನವವೃಂದಾವನ ಗಡ್ಡೆಗೆ ಹೋಗೋಕೆ. ಗಗನಮಹಲ್ ನೋಡಿ, ರಂಗನಾಥನಿಗೆ ಕೈಮುಗಿದು ಹೊರಟುಬಿಡುತ್ತಾರೆ. ಅದೇ ಓಣಿಗಳ ಒಳಗೆ ಇನ್ನೂ ಜನ ಬಾಳುತ್ತಿರುವ, ಮಣ್ಣಿನ ಚಪ್ಪಟೆ ಚಾವಣಿಯ ಮಾಳಿಗೆ ಮನೆಗಳಿವೆ. ನಾನಿದ್ದದ್ದು ಅಂಥ ಒಂದರಲ್ಲಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಪಡಸಾಲೆಯಲ್ಲಿ 6 ಮರದ ಕಂಬ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಸೊಪ್ಪು ಹಾಸಿ ಮಣ್ಣು. ಬೆಳಕಿಂಡಿಯಿಂದ ಬಿಸಿಲು ಬಿದ್ದು ಹೊತ್ತು ಏರಿದ ಹಾಗೆ ನೆಲದ ಮೇಲೆ ಸರಿಯುತ್ತದೆ, ಅಜ್ಜಿ ಅದನ್ನು ನೋಡಿಯೇ 'ಹನ್ನೆರಡಾತು, ರೊಟ್ಟಿ ಬಡೀರಿ' ಅನ್ನೋರು. ತೊಲೆಗಳನ್ನು ಅವರ ಮಾವನ ಕಾಲದಲ್ಲಿ, ಡ್ಯಾಮ್ ಕಟ್ಟೋಕಿಂತ ಮುಂಚೆ, ಹೊಳೆಯಲ್ಲಿ ತೇಲಿಸಿಕೊಂಡು ತಂದರಂತೆ. ಒಂದು ತೊಲೆಯ ತುದಿಯಲ್ಲಿ ಹಗ್ಗ ಕಟ್ಟಿದ ತೂತು ಈಗಲೂ ಇದೆ. ಬೆರಳು ಹಾಕಿ ನೋಡಿದ್ದೇನೆ.

ಮೊದಲ ಹತ್ತು ಹದಿನೈದು ದಿನ ನಾನು ಸುಮ್ನೆ ಮಲಗಿದ್ದೆ. ಯಾರೂ ಏನೂ ಕೇಳಲಿಲ್ಲ. ಎಷ್ಟು ದಿನ ಇರ್ತಿ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಊಟದ ಹೊತ್ತಿಗೆ ದೊಡ್ಡವ್ವ ಬಂದು ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಮುಂದಿಟ್ಟು, 'ಉಣ್ಣವ್ವ, ನಾಳಿದ್ದು ನಾಳಿಗೆ ನೋಡೋಣಂತ' ಅನ್ನೋರು. ಒಂದು ದಿನ ಸಂಜೆ ನನ್ನ ಕೈಗೆ ಎಣ್ಣೆ ಬಟ್ಟಲು ಕೊಟ್ಟು, ಗೋಡೆಯ ಮಾಡದಲ್ಲಿ ದೀಪ ಹಚ್ಚು ಅಂದರು. ಮಾರನೇ ದಿನದಿಂದ ಅದು ನನ್ನ ಕೆಲಸವೇ ಆಯಿತು. ಆ ಹೊತ್ತಿಗಾದರೂ ಏಳಲೇಬೇಕಲ್ವಾ? ದೊಡ್ಡವ್ವ ಅದಕ್ಕೇ ಕೊಟ್ಟಿದ್ದು ಅಂತ ನನಗೆ ಹೊಳೆದದ್ದು ಎಷ್ಟೋ ದಿನ ಆದ ಮೇಲೆ.

ಜೂನ್ ಕೊನೆಗೆ ದೊಡ್ಡ ಮಳೆಗೆ ಮುಂಚೆ ಮಾಳಿಗೆಗೆ ಚೌಳು ಮಣ್ಣು, ಅಂದರೆ ಉಪ್ಪಿನಂಶದ ಮಣ್ಣು, ಹಾಕುವ ಕೆಲಸ ಬಂತು. ಟ್ರ್ಯಾಕ್ಟರ್ ಮಣ್ಣು ಬಾಗಿಲ ಮುಂದೆ ಸುರಿದಿತ್ತು. ದೊಡ್ಡಪ್ಪ ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡರು, ತಲೆಯಾಡಿಸಿದರು. ಉಪ್ಪು ಸರಿಯಾಗಿದ್ದರೆ ಮೇಲೆ ಹುಲ್ಲು ಹುಟ್ಟಲ್ಲ, ನೆನೆದಾಗ ಮಣ್ಣು ಮುಚ್ಚಿಕೊಂಡು ನೀರು ಇಳಿಯೋಕೆ ಬಿಡಲ್ಲ. ಮನೆಯವರೆಲ್ಲ ಸಾಲಾಗಿ ನಿಂತು ಬುಟ್ಟಿ ದಾಟಿಸುತ್ತಿದ್ದರು, ನಾನೂ ಸೇರಿಕೊಂಡೆ. ಮೇಲೆ ಮಣ್ಣು ಹರವುತ್ತಾ ದೊಡ್ಡಪ್ಪ ಮಾಳಿಗೆ ಅಂಚಿನ ಗಿಡ್ಡ ಗೋಡೆ, ಅಂದರೆ ಕುಂಬಿ, ತೋರಿಸಿ ಕೂಗಿ ಹೇಳಿದರು, 'ಕುಂಬಿ ಕಡೆ ಜಾಸ್ತಿ ಹಾಕಬೇಕು, ನೀರು ಮೊದಲು ಅಲ್ಲೇ ಹಿಡಿಯೋದು'. ಇದೇ ಮಾತನ್ನು ಅಪ್ಪ ನನಗೆ ಹೇಳಿದ್ದರು. ಹೆಚ್ಚು ಕಡಿಮೆ ಇದೇ ಪದಗಳಲ್ಲಿ, ಕೈಯನ್ನೂ ಹೀಗೇ ಬೀಸಿ. ನಾನು ಬುಟ್ಟಿ ಕೆಳಗಿಟ್ಟೆ. ದೊಡ್ಡಪ್ಪ ನನ್ನ ಮುಖ ನೋಡಿದರು, ಏನೂ ಕೇಳದೆ ಪಕ್ಕದಲ್ಲಿ ಬಂದು ಕುಂಬಿಯ ಮೇಲೆ ಕೂತರು. ಆ ರಾತ್ರಿ ದೀಪ ಹಚ್ಚಿದ ಮೇಲೆ ಅಪ್ಪನ ನೋಟ್‌ಬುಕ್ ತೆರೆದೆ.

ಅಲ್ಲಿಂದ ಕೆಲಸ ಓಡಿತು. ಹಗೇವಿನ ಬಗ್ಗೆ, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿಯ ಬಗ್ಗೆ, ಪ್ರಬಂಧದಲ್ಲಿರುವುದೆಲ್ಲ ಅಜ್ಜಿಯದು. ಕಾಳು ತುಂಬುವಾಗ ಒಳಗೆ ಏನು ಹಾಸಬೇಕು, ಬಾಯಿ ಹೇಗೆ ಮುಚ್ಚಬೇಕು, ತೆರೆದ ತಕ್ಷಣ ಯಾಕೆ ಇಳಿಯಬಾರದು, ಎಲ್ಲವನ್ನೂ ಕೈ ಆಡಿಸಿ ತೋರಿಸಿದರು. 80 ದಾಟಿದ ಅವರಿಗೆ ಒಂದು ಪದ ನೆನಪಾಗದಿದ್ದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬೆಳಿಗ್ಗೆ ನಾನು ಏಳುವ ಮುಂಚೆಯೇ ಹಾಸಿಗೆ ಪಕ್ಕ ಬಂದು ಕೂತು ಆ ಪದ ಹೇಳೋರು. 7ನೇ ಕ್ಲಾಸಿನ ಮೊಮ್ಮಗ ಪ್ರತಿ ಕೋಣೆಗೂ ಟೇಪ್ ಹಿಡಿದ. ಅಳತೆ ಹಾಳೆಯಲ್ಲಿರುವ ಅಂಕಿಗಳು ಅವನ ಅಕ್ಷರದಲ್ಲೇ ಇವೆ. ಥ್ಯಾಂಕ್ಸ್ ಕಣೋ.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಿತ್ತು ಗೇಟ್ ಕೊಚ್ಚಿಹೋಯಿತು. ಒತ್ತಡ ಇಳಿಸೋಕೆ ಬೇರೆ ಗೇಟುಗಳನ್ನೂ ಎತ್ತಿದರು. ಬೆಳಿಗ್ಗೆ ನಾವೆಲ್ಲ ಹೊಳೆ ದಂಡೆಗೆ ಹೋದೆವು. ಹರಿಗೋಲುಗಳನ್ನು ಮೇಲೆ ಎಳೆದು ಬೋರಲು ಹಾಕಿದ್ದರು. ನೀರು ಕೆಂಪಗೆ ಹರಿಯುತ್ತಿತ್ತು. ದೊಡ್ಡಪ್ಪನಿಗೆ ಹೊಳೆ ಮನೆಗೆ ಬರುತ್ತದೆ ಅನ್ನುವ ಭಯ ಇರಲಿಲ್ಲ. ಭತ್ತ ನಾಟಿ ಮಾಡಿಯಾಗಿತ್ತು, ತುಂಬಿದ ಡ್ಯಾಮ್ ಹೀಗೆ ಖಾಲಿಯಾದರೆ ಕಾಲುವೆಗೆ ನೀರೆಲ್ಲಿ? ಆಂಧ್ರ, ತೆಲಂಗಾಣದವರೂ ಸೇರಿ ಎಷ್ಟು ಜನರ ಅನ್ನ ಅದು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಅನ್ನೋ ತಾತ್ಕಾಲಿಕ ಅಡ್ಡ ತಡೆ ಇಳಿಸಿ ನಿಲ್ಲಿಸೋಕೆ ಒಂದು ವಾರ ಹಿಡಿಯಿತು. ಆ ವಾರ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಾನು ಬ್ಯಾಗ್ ಕಟ್ಟಿದೆ. ಇಂಥ ಹೊತ್ತಲ್ಲಿ ಇನ್ನೊಂದು ಹೊಟ್ಟೆ ಯಾಕೆ ಅಂತ. ದೊಡ್ಡವ್ವ ಬ್ಯಾಗ್ ತೆಗೆದು ಒಳಗಿಟ್ಟರು. 'ಕಷ್ಟ ಬಂದಾಗ ಮನಿ ಮಂದಿನ ಕಳಸ್ತಾರೇನು?' ಅಂದರು. ಅದೇ ವಾರ ದೊಡ್ಡಪ್ಪ ಗಂಗಾವತಿ ಕಡೆಯ ಒಬ್ಬ ಮುದಿ ಗೌಂಡಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದರು. 'ಇವನ್ನ ಕೇಳು, ನಿಮ್ಮಪ್ಪ ಬಿಟ್ಟದ್ದು ಇವ ಹೇಳ್ತಾನ.' ತಮ್ಮ ಬೆಳೆ ಏನಾಗುತ್ತೋ ಗೊತ್ತಿಲ್ಲದ ಹೊತ್ತಿನಲ್ಲಿ ಅವರಿಗೆ ನನ್ನ ನೋಟ್‌ಬುಕ್ ನೆನಪಿತ್ತು. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಆ ವರ್ಷ ಮಳೆ ಕೈಬಿಡಲಿಲ್ಲ. ಸೆಪ್ಟೆಂಬರ್‌ಗೆ ಡ್ಯಾಮ್ ಮತ್ತೆ ತುಂಬಿತು.

ಇನ್ನೊಂದು ಮಾತು. ಹಳೇ ಮನೆ ಉಳಿಸಿ ಅಂತ ನಮ್ಮಂಥವರು ಸುಲಭವಾಗಿ ಹೇಳುತ್ತೇವೆ. ವರ್ಷಾ ವರ್ಷಾ ಮಣ್ಣು ಹೊರುವವರು, ಗೆದ್ದಲು ಹಿಡಿದ ಜಂತಿ ಬದಲಿಸೋಕೆ ಸಾಲ ಮಾಡುವವರು ಆ ಮನೆಯವರು. ಆ ಓಣಿಯಲ್ಲೇ ನಾನಿದ್ದಾಗ 2 ಮನೆ ಬಿದ್ದವು. ಉಳಿಸಿಕೊಳ್ಳೋಕಾಗದ ಆ ಮನೆಗಳವರನ್ನು ಬೈಯುವ ಮನಸ್ಸು ನನಗಿಲ್ಲ. ನೀವು ಉಳಿಸಿಕೊಂಡಿದ್ದೀರಿ, ಅದರಲ್ಲಿ ನನಗೂ ಒಂದು ಮೂಲೆ ಕೊಟ್ಟಿರಿ. ಬಾಡಿಗೆ ಕೊಡೋಕೆ ಹೋದಾಗ ದುಡ್ಡನ್ನು ನನ್ನ ಸೆರಗಿಗೇ ಕಟ್ಟಿ, ಜೊತೆಗೆ 10 ಕೆಜಿ ಸೋನಾ ಮಸೂರಿ ಹೊರಿಸಿ ಕಳಿಸಿದಿರಿ.

ದೊಡ್ಡವ್ವಾ, ಜೂನ್‌ನಲ್ಲಿ ಬರುತ್ತೇನೆ. ಪ್ರಬಂಧದ ಒಂದು ಪ್ರತಿ ತರುತ್ತೇನೆ, ಹಗೇವಿನ ಅಧ್ಯಾಯ ಅಜ್ಜಿಗೆ ಓದಿ ಹೇಳಬೇಕು, ತಪ್ಪಿದ್ದರೆ ಅವರೇ ತಿದ್ದಲಿ. ದೊಡ್ಡಪ್ಪಾ, ಚೌಳು ಮಣ್ಣು ಬಂದ ದಿನ ಒಂದು ಫೋನ್ ಮಾಡಿ. ಕುಂಬಿ ಕಡೆ ಈ ಸಲ ನಾನು ಹಾಕುತ್ತೇನೆ.